ಬೇಲಿಯೊಳಗಿನ ಕಾಡುಪಾಪ

ಮೊದಲ ನಾಲ್ಕು ರಾತ್ರಿ ನನಗೆ ಒಂದೇ ಒಂದು ಕಾಡುಪಾಪವೂ ಕಾಣಲಿಲ್ಲ. ತುಮಕೂರು ತಾಲ್ಲೂಕಿನ ನಾಗವಲ್ಲಿ ಸುತ್ತಮುತ್ತ ದೊಡ್ಡ ಕಣ್ಣಿನ ಈ ಪುಟ್ಟ ನಿಶಾಚರಿ ಪ್ರಾಣಿಗಳು (ಸ್ಲೆಂಡರ್ ಲೋರಿಸ್) ಇರುವುದು ಎಲ್ಲರಿಗೂ ಗೊತ್ತು. ನಾನು ಮಾತ್ರ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದು ದೊಡ್ಡ ಮರಗಳ ನೆತ್ತಿಯನ್ನು ಶೋಧಿಸುತ್ತಿದ್ದೆ. ಎರಡೂ ತಪ್ಪು.

ಈ ಪ್ರಾಣಿಯ ಕಣ್ಣಿನ ಹಿಂಭಾಗದ ಪದರವು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ದೀಪ ನಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು. ಹಣೆಗೆ ಕಟ್ಟುವ ದೀಪ ತಂದು, ಗಾಜಿಗೆ ಕೆಂಪು ಹಾಳೆ ಅಂಟಿಸಿದೆ. ಅಷ್ಟು ದೊಡ್ಡ ಕಣ್ಣಿಗೆ ಬಿಳಿ ಬೆಳಕು ಹಿಂಸೆ. ಐದನೆಯ ರಾತ್ರಿ, ಹೊಲದ ಬೇಲಿಗೆ ಹಬ್ಬಿದ್ದ ಸೀಗೆ ಮೆಳೆಯಲ್ಲಿ ಕೆಂಡದಂತಹ ಜೋಡಿ ಚುಕ್ಕಿ ಕಾಣಿಸಿತು. ಅಲ್ಲಿಯವರೆಗೆ ಹೊಳೆದದ್ದಕ್ಕೆಲ್ಲ ಹಿಗ್ಗಿ ಮೋಸ ಹೋಗಿದ್ದೆ. ಹುಲ್ಲಿನಲ್ಲಿ ಇಬ್ಬನಿಯಂತೆ ಮಿನುಗುವುದು ಜೇಡ. ಮಣ್ಣುದಾರಿಯಲ್ಲಿ ಹೊಳೆದು, ಹತ್ತಿರ ಹೋದರೆ ಹಾರಿಹೋಗುವುದು ನತ್ತಿಂಗ ಎಂಬ ಇರುಳುಹಕ್ಕಿ.

ತೂಕ ಕಾಲು ಕಿಲೋ ಆಸುಪಾಸು, ಬೂದು ಮೈ, ಕಡ್ಡಿಯಂತಹ ಕೈಕಾಲು. ಬಾಲವಿಲ್ಲ. ಮಲೆನಾಡಿನ ಮಳೆಕಾಡಿನಲ್ಲಿರುವ ಅದರ ದಾಯಾದಿ ಇನ್ನೂ ಸಣ್ಣದು, ಬಣ್ಣ ಕೆಂಗಂದು. ಕಾಡುಪಾಪದ ತೋರುಬೆರಳು ಮೊಂಡು, ಹೆಬ್ಬೆರಳು ಅಗಲಕ್ಕೆ ತೆರೆದುಕೊಳ್ಳುತ್ತದೆ. ಹಾಗಾಗಿ ಹಿಡಿತ ಇಕ್ಕಳದಂತೆ. ಕೈಕಾಲುಗಳಲ್ಲಿ ರಕ್ತನಾಳಗಳು ಜಾಲವಾಗಿ ಹರಡಿರುವುದರಿಂದ ಗಂಟೆಗಟ್ಟಲೆ ಕೊಂಬೆ ಹಿಡಿದು ಕುಳಿತರೂ ದಣಿವಿಲ್ಲ. ನನ್ನ ಮಂಡಿಗಳು ಮಾತ್ರ ಅರ್ಧ ಗಂಟೆಗೇ ಸೋತವು! ಇರುವೆಗಳು ಸಾಗುತ್ತಿದ್ದ ಕೊಂಬೆಯನ್ನು ಅದು ಬಹಳ ಹೊತ್ತು ಮೂಸಿ, ಒಂದೊಂದನ್ನೇ ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿದೆ. ಆಮೇಲೆ ತನ್ನ ಮೂತ್ರವನ್ನು ತಾನೇ ಕೈಗೆ ಸವರಿಕೊಂಡಿತು.

ದೊಡ್ಡ ಕಾಡು ಬಿಟ್ಟು ಬೇಲಿಯಲ್ಲೇ ಏಕೆ? ಆ ಹೊಲದ ಅಜ್ಜನನ್ನು ಕೇಳಿದೆ. "ಅದಕ್ಕೆ ನೆಗೆಯಲು ಬರುವುದಿಲ್ಲ ಕಣಪ್ಪ. ಕೊಂಬೆಗೆ ಕೊಂಬೆ ತಾಗಿರಬೇಕು" ಎಂದರು. ನಾನು ಓದಿದ್ದ ಪುಟಗಳೆಲ್ಲ ಈ ಒಂದು ಮಾತಿನಲ್ಲಿ ಮುಗಿದವು. ಜಾಲಿ, ಸೀಗೆ, ಲಂಟಾನ ಹೆಣೆದುಕೊಂಡ ಬೇಲಿ ಅದಕ್ಕೆ ರಸ್ತೆಯೂ ಹೌದು, ಹಗಲಿಗೆ ಮುದುಡಿ ಮಲಗುವ ಮನೆಯೂ ಹೌದು. ಮುಳ್ಳಿನೊಳಗೆ ನಾಯಿ, ಬೆಕ್ಕು ನುಗ್ಗುವುದಿಲ್ಲ.

ಅಂದಿನಿಂದ ನಾನು ಪ್ರಾಣಿ ಎಣಿಸುವುದರ ಜೊತೆಗೆ ಸಂದಿಗಳನ್ನೂ ಎಣಿಸತೊಡಗಿದೆ. ಗಂಟೆಗೆ ಒಂದು ಕಿಲೋಮೀಟರಿಗಿಂತ ವೇಗವಾಗಿ ನಡೆಯುವುದಿಲ್ಲ. ಬೇಲಿ ಕಡಿದ ಕಡೆ ನಿಂತು ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಟ್ರ್ಯಾಕ್ಟರ್ ಓಡಾಡಲೆಂದು ಕಡಿದ ಒಂದು ಸಂದಿ ಹನ್ನೊಂದು ಅಡಿ ಇತ್ತು. ಒಂದು ಕಾಡುಪಾಪ ಅದರ ಅಂಚಿಗೆ ಬಂದು, ಹಿಂಗಾಲಲ್ಲಿ ಕೊಂಬೆ ಬಿಗಿಹಿಡಿದು, ಇಡೀ ಮೈ ಚಾಚಿ ಗಾಳಿಯಲ್ಲಿ ಕೈಯಾಡಿಸಿತು. ಎರಡು ಸಲ. ಕೊನೆಗೆ ನೆಲಕ್ಕಿಳಿದು, ಬರಿಮಣ್ಣಿನ ಮೇಲೆ ತಡವರಿಸುತ್ತ ದಾಟಿತು. ಅಷ್ಟು ಹೊತ್ತೂ ನಾನು ಆಚೆ ಬೊಗಳುತ್ತಿದ್ದ ನಾಯಿಯ ಕಡೆಗೇ ಕಿವಿಯಿಟ್ಟಿದ್ದೆ.

ಮರುದಿನ ಅಜ್ಜನಿಗೆ ಹೇಳಿದೆ. ಟ್ರ್ಯಾಕ್ಟರಿಗೆ ತಾಗದಷ್ಟು ಎತ್ತರದಲ್ಲಿ ಒಂದು ಬಿದಿರು ಗಳವನ್ನು ಆಚೀಚೆ ಮೆಳೆಗೆ ಕಟ್ಟಲು ಒಪ್ಪಿದರು. ಹಗ್ಗವನ್ನೂ ಅವರೇ ಕೊಟ್ಟರು. ಎರಡು ತಿಂಗಳಾಯಿತು. ಹೋದಾಗಲೆಲ್ಲ ಮೊದಲು ಅದರತ್ತಲೇ ದೀಪ ತಿರುಗಿಸುತ್ತೇನೆ. ಸದ್ಯಕ್ಕೆ ಅದರ ಮೇಲೆ ದಾಟುತ್ತಿರುವುದು ಇರುವೆಗಳು.