ಮೌಸ್ ಓಡಿಸಿ ಮಣಿಕಟ್ಟು ನೋವೇ? ಟ್ರ್ಯಾಕ್‌ಬಾಲ್‌ಗೆ ಹೊರಳುವುದು ಹೀಗೆ

ಬೆಂಗಳೂರಿನ ಪಿ.ಜಿ. ಕೋಣೆಗಳ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಉಳಿಯುವುದು ಕಾಫಿ ಲೋಟದಷ್ಟು ಜಾಗ. ಅಲ್ಲಿ ಮೌಸ್ ಓಡಿಸುವವರ ಮೊಣಕೈ ಗೋಡೆಗೆ ತಾಗುತ್ತದೆ, ಮಣಿಕಟ್ಟು ಮೇಜಿನ ಅಂಚಿಗೆ ಒತ್ತುತ್ತದೆ. ದಿನವಿಡೀ ಎಕ್ಸೆಲ್, ಕೋಡಿಂಗ್, ಡಿಟಿಪಿ ಎಂದು ಕೂರುವವರಿಗೆ ಸಂಜೆ ಹೊತ್ತಿಗೆ ಕೈ ಬಿಗಿದುಕೊಂಡಿರುತ್ತದೆ.

ಟ್ರ್ಯಾಕ್‌ಬಾಲ್ ಇಟ್ಟ ಜಾಗದಿಂದ ಕದಲುವುದಿಲ್ಲ. ಅದರಲ್ಲಿ ಕೂರಿಸಿದ ಚೆಂಡನ್ನು ಬೆರಳಿನಿಂದ ಉರುಳಿಸಿದರೆ ಕರ್ಸರ್ ಓಡುತ್ತದೆ, ತೋಳು ಆಡಿಸಬೇಕಿಲ್ಲ. ವಯಸ್ಸಿನಲ್ಲಿ ಇದು ಮೌಸ್‌ಗಿಂತ ಹಿರಿಯದು. ಬ್ರಿಟನ್ನಿನ ರಾಲ್ಫ್ ಬೆಂಜಮಿನ್ ನೌಕಾಪಡೆಯ ರೇಡಾರ್ ವ್ಯವಸ್ಥೆಗಾಗಿ 1946ರಲ್ಲೇ ಇದನ್ನು ರೂಪಿಸಿದ್ದರು. ಕೆನಡಾ ನೌಕಾಪಡೆಯ ಯೋಜನೆಯೊಂದರಲ್ಲಂತೂ ಬೌಲಿಂಗ್ ಆಟದ ಚೆಂಡನ್ನೇ ಬಳಸಿದ್ದರು.

ಮೊದಲು, ಬೆರಳು ನಿರ್ಧರಿಸಿ

ಅವಸರ ಮಾಡಬಾರದ ಹೆಜ್ಜೆ ಇದೊಂದೇ. ಟ್ರ್ಯಾಕ್‌ಬಾಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಲಾಜಿಟೆಕ್‌ನ ಎಂ575, ಎಂಎಕ್ಸ್ ಎರ್ಗೋ ಮಾದರಿಗಳಲ್ಲಿ ಚೆಂಡು ಪಕ್ಕದಲ್ಲಿದ್ದು, ಹೆಬ್ಬೆರಳಿನಿಂದ ಉರುಳಿಸಬೇಕು. ಆಕಾರ, ಬಟನ್ ಎಲ್ಲ ಮೌಸ್‌ನಂತೆಯೇ ಇರುವುದರಿಂದ ಬೇಗ ಒಗ್ಗುತ್ತದೆ. ಆದರೆ ಇವು ಬಲಗೈಯವರಿಗೆ ಮಾತ್ರ. ಕೆನ್ಸಿಂಗ್ಟನ್ ಎಕ್ಸ್‌ಪರ್ಟ್, ಆರ್ಬಿಟ್ ಮಾದರಿಗಳಲ್ಲಿ ಚೆಂಡು ನಡುವೆ ಇರುತ್ತದೆ. ತೋರುಬೆರಳು, ನಡುಬೆರಳುಗಳಿಂದ ಉರುಳಿಸಬಹುದು, ಎಡಚರಿಗೂ ಆಗುತ್ತದೆ.

ದಿನವಿಡೀ ಮೊಬೈಲ್ ಟೈಪಿಂಗ್‌ನಿಂದ ಹೆಬ್ಬೆರಳಿನ ಬುಡ ಈಗಾಗಲೇ ನೋಯುತ್ತಿದ್ದರೆ ಹೆಬ್ಬೆರಳಿನ ಮಾದರಿ ಬೇಡವೇ ಬೇಡ. ಮಣಿಕಟ್ಟಿನ ಭಾರವನ್ನು ಇಳಿಸಿ ಹೆಬ್ಬೆರಳಿಗೆ ಹೊರಿಸಿದಂತಾಗುತ್ತದೆ. ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಸಿಕ್ಕರೆ ಅಲ್ಲೇ ಕೈಯಿಟ್ಟು ನೋಡಿ. ಅಂಗೈ ಪೂರ್ತಿ ಕೂರಬೇಕು, ಬೆರಳು ಚಾಚದೆ ಬಟನ್ ಸಿಗಬೇಕು. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸಾತಿ ನಿಯಮ ಓದಿಕೊಂಡೇ ಹಣ ಕಟ್ಟಿ.

ಇಡುವ ಜಾಗ, ವೇಗ

ಭುಜ ಸಡಿಲ ಬಿಟ್ಟು ಕೂತಾಗ ಕೈ ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿಡಿ. ಮಣಿಕಟ್ಟು ಮೇಲಕ್ಕೆ ಬಾಗದೆ ನೇರವಾಗಿರಲಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಬ್ಲೂಟೂತ್ ಅಂಡ್ ಡಿವೈಸಸ್ ಒಳಗೆ ಮೌಸ್ ತೆರೆಯಿರಿ. ಚೆಂಡನ್ನು ಒಮ್ಮೆ ಜೋರಾಗಿ ಉರುಳಿಸಿದರೆ ಕರ್ಸರ್ ಪರದೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಪಾಯಿಂಟರ್ ಸ್ಪೀಡ್ ಇರಲಿ. ಅಲ್ಲೇ ಇರುವ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಅನ್ನು ಆನ್ ಮಾಡಿ. ಮೆಲ್ಲಗೆ ಉರುಳಿಸಿದಾಗ ಕರ್ಸರ್ ಕೂದಲೆಳೆಯಷ್ಟು ಸರಿಯುತ್ತದೆ, ಜೋರಾಗಿ ಉರುಳಿಸಿದಾಗ ದೂರ ಹಾರುತ್ತದೆ. ಟ್ರ್ಯಾಕ್‌ಬಾಲ್‌ಗೆ ಇದು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಅಭ್ಯಾಸ

ಮೊದಮೊದಲು ಕರ್ಸರ್ ಗುರಿ ದಾಟಿ ಹೋಗುತ್ತದೆ, ಬೇಜಾರಾಗಬೇಡಿ. ಗಡುವಿನ ಕೆಲಸಕ್ಕೆ ಹಳೆಯ ಮೌಸ್ ಪಕ್ಕದಲ್ಲೇ ಇರಲಿ. ಇಮೇಲ್ ಓದುವುದು, ಮ್ಯಾಪ್‌ನಲ್ಲಿ ಮಲ್ಲೇಶ್ವರದಿಂದ ಜಯನಗರಕ್ಕೆ ಸರಿಯುವುದು, ಸಾಲಿಟೇರ್ ಆಡುವುದು ಒಳ್ಳೆಯ ಪಾಠಗಳು. ಕಷ್ಟವೆಂದರೆ ಡ್ರ್ಯಾಗ್: ಒಂದು ಬೆರಳು ಬಟನ್ ಒತ್ತಿ ಹಿಡಿದಿರುವಾಗಲೇ ಇನ್ನೊಂದು ಚೆಂಡು ತಿರುಗಿಸಬೇಕು. ಸಾಲಿಟೇರ್‌ನಲ್ಲಿ ಎಲೆ ಎಳೆದೆಳೆದೇ ಅದು ಕೈಗೆ ಬರುತ್ತದೆ.

ಚೆಂಡು ತೊಡಕಿದರೆ

ಕಿಟಕಿಯಾಚೆ ಮೆಟ್ರೊ ಕಾಮಗಾರಿ ನಡೆಯುವ ಮನೆಗಳಲ್ಲಿ ದೂಳಿಗೆ ಬರವಿಲ್ಲ. ಕರ್ಸರ್ ತಡೆತಡೆದು ಓಡಿದರೆ ಸಾಧನ ಕೆಟ್ಟಿತೆಂದು ಎಸೆಯಬೇಡಿ. ಎಂ575 ಆದರೆ ಮಗುಚಿ, ತಳದ ರಂಧ್ರದಲ್ಲಿ ಪೆನ್ಸಿಲ್‌ನ ಹಿಂಬದಿಯಿಂದ ಒತ್ತಿದರೆ ಚೆಂಡು ಹೊರಬೀಳುತ್ತದೆ. ಗುಳಿಯೊಳಗೆ ಸಾಸಿವೆಗಿಂತ ಚಿಕ್ಕ ಮೂರು ಉಬ್ಬುಗಳಿವೆ, ಚೆಂಡು ಕೂರುವುದು ಅವುಗಳ ಮೇಲೆ. ಬೆರಳಿನ ಜಿಡ್ಡಿಗೆ ದೂಳು ಅಂಟಿ ಪ್ರತಿ ಉಬ್ಬಿನ ಸುತ್ತ ಬೂದು ಬಣ್ಣದ ಉಂಡೆ ಕಟ್ಟಿರುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಅದನ್ನು ಬಿಡಿಸಿ, ಪಕ್ಕದ ಸೆನ್ಸರ್ ಕಿಂಡಿಯನ್ನು ಹಗುರವಾಗಿ ಒರೆಸಿ, ಚೆಂಡನ್ನು ಒಣ ಬಟ್ಟೆಯಿಂದ ಉಜ್ಜಿ ಕೂರಿಸಿ. ವಾರಕ್ಕೊಮ್ಮೆ ಸಾಕು.

ಇಷ್ಟೆಲ್ಲ ಮಾಡಿಯೂ ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ಇನ್ನೊಂದು ಮಾದರಿ ಹುಡುಕುತ್ತಾ ಕೂರದೆ ವೈದ್ಯರಿಗೆ ತೋರಿಸಿ.