ಮಾತ್ರೆ ನುಂಗಿದೆನೋ ಇಲ್ಲವೋ: ಒಂದು ಆ್ಯಪ್ ಕಟ್ಟಿದ ಬಗೆ

ಮಾತ್ರೆ ನೆನಪಿಸುವ ಆ್ಯಪ್ ಅಂದರೆ ಹೊತ್ತಿಗೆ ಸರಿಯಾಗಿ ಅಲಾರಂ ಹೊಡೆದರೆ ಮುಗಿಯಿತು ಎಂದುಕೊಂಡೇ ಕೆಲಸ ಶುರುಮಾಡಿದ್ದು. ದಿನಾ ಮಾತ್ರೆ ತೆಗೆದುಕೊಳ್ಳುವ ಆರು ಜನರನ್ನು ಅವರವರ ಮನೆಯಲ್ಲೇ ಕೂತು ನೋಡಿದಾಗ ಬೇರೆಯದೇ ಕಂಡಿತು. ಮಾತ್ರೆಯ ಹೊತ್ತು ಅವರಿಗೆ ಹೆಚ್ಚುಕಡಿಮೆ ನೆನಪಿರುತ್ತದೆ. ಕಾಡುವುದು ಹತ್ತು ನಿಮಿಷ ಕಳೆದ ಮೇಲಿನ ಅನುಮಾನ: "ತಗೊಂಡೆನಾ, ಇಲ್ವಾ?" ಆಗ ಸ್ಟ್ರಿಪ್ ಹುಡುಕಿ ಖಾಲಿ ಗುಳಿ ಎಣಿಸುತ್ತಾರೆ. ನಿನ್ನೆ ಎಷ್ಟಿತ್ತು ಅನ್ನುವುದೇ ನೆನಪಿಲ್ಲದ ಮೇಲೆ ಎಣಿಸಿ ಉಪಯೋಗವಿಲ್ಲ.

ಹೀಗೆ ನೋಡಲು ಹೋದಾಗ "ಇಂಥ ಆ್ಯಪ್ ಇದ್ದರೆ ಬಳಸ್ತೀರಾ?" ಎಂದು ಕೇಳಬಾರದು. ದಾಕ್ಷಿಣ್ಯಕ್ಕೆ ಎಲ್ಲರೂ ಹ್ಞೂಂ ಅನ್ನುತ್ತಾರೆ. ನಾನು ಕೇಳಿದ್ದು, "ನಿನ್ನೆ ರಾತ್ರಿ ಮಾತ್ರೆ ತಗೊಂಡಾಗ ಎಲ್ಲಿದ್ರಿ, ಏನೇನು ಮಾಡಿದ್ರಿ, ಒಂದ್ಸಲ ಮಾಡಿ ತೋರಿಸ್ತೀರಾ?" ಒಬ್ಬೊಬ್ಬರಿಗೆ 40 ನಿಮಿಷ. ಕೈಯಲ್ಲಿ ನೋಟ್‌ಬುಕ್ ಮಾತ್ರ. ಫೋನ್ ತೋರಿಸಿದ ಕೂಡಲೇ ಜನ ತಮ್ಮ ಅಭ್ಯಾಸ ಬಿಟ್ಟು ಫೋನಿನ ಬಗ್ಗೆ ಮಾತಾಡಲು ತೊಡಗುತ್ತಾರೆ. ಬರೆದುಕೊಳ್ಳುವಾಗ ಪುಟವನ್ನು ಎರಡು ಭಾಗ ಮಾಡಿ, ಅವರು ಹೇಳಿದ್ದು ಎಡಕ್ಕೆ, ಮಾಡಿದ್ದು ಬಲಕ್ಕೆ. ಎರಡೂ ತಾಳೆಯಾಗದ ಕಡೆ ನಿಜವಾದ ಸಮಸ್ಯೆ ಅಡಗಿರುತ್ತದೆ.

ಜನ ತಾವೇ ಕಂಡುಕೊಂಡ ಉಪಾಯಗಳ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಒಬ್ಬರು ಮಾತ್ರೆ ನುಂಗಿದ ಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಇಡುತ್ತಿದ್ದರು. ಮುಂದಿನ ಹೊತ್ತಿಗೆ ಮತ್ತೆ ನೆಟ್ಟಗೆ. ಇಡೀ ಆ್ಯಪ್‌ನ ವಿನ್ಯಾಸ ಸಿಕ್ಕಿದ್ದು ಈ ಡಬ್ಬಿಯಿಂದಲೇ. ಅದು ಸದ್ದು ಮಾಡುವುದಿಲ್ಲ. ನೋಡಿದ ತಕ್ಷಣ ಉತ್ತರ ಕೊಡುತ್ತದೆ, ಅಷ್ಟೆ.

ಹಾಗಾಗಿ ಗುರಿಯನ್ನು ಹೀಗೆ ತಿದ್ದಿ ಬರೆದೆ: ಫೋನ್ ಕೈಗೆತ್ತಿಕೊಂಡು ಎರಡು ಸೆಕೆಂಡಿನೊಳಗೆ, ಏನನ್ನೂ ಒತ್ತದೆ, ಈ ಹೊತ್ತಿನ ಮಾತ್ರೆ ಆಯಿತೋ ಇಲ್ಲವೋ ತಿಳಿಯಬೇಕು. ಗ್ರಾಫ್, ವಾರದ ವರದಿ, ಬಹುಮಾನದ ಬ್ಯಾಡ್ಜ್ ಎಲ್ಲ ಪಟ್ಟಿಯಿಂದ ಹೊರಗೆ ಹೋದವು.

ಮೊದಲ ಮಾದರಿ ಕಾಗದದ್ದು. ಫೋನಿನ ಅಳತೆಗೆ ಕತ್ತರಿಸಿದ ಒಂಬತ್ತು ದಪ್ಪ ಹಾಳೆ, ಒಂದೊಂದರ ಮೇಲೆ ಒಂದೊಂದು ಪರದೆ, ಸ್ಕೆಚ್ ಪೆನ್ನಿನಲ್ಲಿ. ಬಟನ್ ಮೇಲೆ ಬೆರಳಿಟ್ಟರೆ ನಾನು ಹಾಳೆ ಬದಲಿಸುವುದು. ನೀಟಾಗಿ ಬಿಡಿಸಲೇಬಾರದು. ಚೆಂದವಾಗಿ ಕಂಡರೆ ತಪ್ಪು ಹೇಳಲು ಜನ ಹಿಂಜರಿಯುತ್ತಾರೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದು ಮೊದಲೇ ಕೇಳಿಕೊಂಡು, ಆಮೇಲೆ ನಾವು ಬಾಯಿ ಮುಚ್ಚಿಕೊಂಡಿರಬೇಕು. ಅವರು ತಡಕಾಡುವಾಗ "ಮೇಲ್ಗಡೆ ನೋಡಿ" ಅಂದುಬಿಟ್ಟರೆ ಆ ಪರೀಕ್ಷೆ ಕೆಟ್ಟಂತೆಯೇ.

ಒಂದು ಸುತ್ತಿಗೆ ಐದು ಜನ ಸಾಕು. ಒಬ್ಬ ಬಳಕೆದಾರ ಸರಾಸರಿ 31% ತೊಡಕುಗಳನ್ನು ಹೊರಗೆಡಹುತ್ತಾನೆ ಎಂದಿಟ್ಟುಕೊಂಡು, ಐವರಿಂದ ಸುಮಾರು 85% ಸಿಗುತ್ತದೆ ಎಂದು ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಹದಿನೈದು ಜನರನ್ನು ಒಟ್ಟಿಗೆ ಕೂರಿಸುವ ಬದಲು ಐದೈದರ ಮೂರು ಸುತ್ತು ಮಾಡಿ, ನಡುವೆ ತಿದ್ದಿಕೊಳ್ಳುವುದು ಲಾಭ. ಆದರೆ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ. ಇಲ್ಲಿ ಮಾತ್ರೆ ನುಂಗುವವರು ಒಬ್ಬರು, ಹೆಸರು, ಹೊತ್ತು ತುಂಬಿಕೊಡುವ ಮಗನೋ ಮಗಳೋ ಇನ್ನೊಬ್ಬರು. ಇಬ್ಬರಿಗೂ ಬೇರೆ ಬೇರೆ ಐದೈದು ಜನ ಬೇಕಾದರು.

ದೊಡ್ಡ ಎಡವಟ್ಟು ಎರಡನೇ ಸುತ್ತಿನಲ್ಲಿ. ಅಲಾರಂ ಪರದೆಯಲ್ಲಿ "ತಗೊಂಡೆ", "ಆಮೇಲೆ" ಎಂದು ಎರಡು ಬಟನ್ ಇಟ್ಟಿದ್ದೆ. ಐವರಲ್ಲಿ ಮೂವರು ಸದ್ದು ನಿಂತರೆ ಸಾಕೆಂದು "ತಗೊಂಡೆ" ಒತ್ತಿದರು. ಮಾತ್ರೆ ಇನ್ನೂ ಪಕ್ಕದ ಕೋಣೆಯಲ್ಲಿತ್ತು. ದಾಖಲೆಯೇ ಸುಳ್ಳಾದ ಮೇಲೆ ಆ್ಯಪ್ ಇಲ್ಲದಿರುವುದೇ ವಾಸಿ. ಒಂದು ಸೆಕೆಂಡ್ ಒತ್ತಿಹಿಡಿಯುವ ಬಟನ್ ಮಾಡಿ ನೋಡಿದೆ. ಕೈ ನಡುಗುವವರಿಗೆ ಆಗಲಿಲ್ಲ, ಉಳಿದವರು ಫೋನ್ ಹ್ಯಾಂಗ್ ಆಯಿತು ಅಂದುಕೊಂಡರು. ಕೊನೆಗೆ ಎರಡನ್ನೂ ಬೇರ್ಪಡಿಸಿದೆ. ಅಲಾರಂ ಪರದೆಯಲ್ಲಿ ಇರುವುದು "ಸದ್ದು ನಿಲ್ಲಿಸು" ಒಂದೇ. "ತಗೊಂಡೆ" ಇರುವುದು ಮುಖಪುಟದಲ್ಲಿ, ಅದರ ಕೆಳಗೆ "ತಪ್ಪಾಗಿ ಒತ್ತಿದೆ". ಹತ್ತು ನಿಮಿಷದೊಳಗೆ ದಾಖಲಾಗದಿದ್ದರೆ ಅಲಾರಂ ಮತ್ತೊಮ್ಮೆ ಹೊಡೆಯುತ್ತದೆ.

ಬಟನ್ ಅಳತೆಗೆ ಆಂಡ್ರಾಯ್ಡ್‌ನ ಶಿಫಾರಸು ಕನಿಷ್ಠ 48 ಡಿಪಿ, ಆ್ಯಪಲ್‌ನದು 44 ಪಾಯಿಂಟ್ (ಎರಡೂ ಪರದೆಯ ಮೇಲಿನ ಗಾತ್ರ ಅಳೆಯುವ ಮಾನಗಳು). ವಯಸ್ಸಾದ ಬೆರಳುಗಳಿಗೆ ಅದು ಸಾಲಲಿಲ್ಲ, 72ಕ್ಕೆ ಏರಿಸಿದೆ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ಅಂತರ, 4.5:1ಕ್ಕಿಂತ ಕಡಿಮೆ ಬೇಡ. ಆಯಿತು ಅನ್ನಲು ಹಸಿರು, ಇಲ್ಲ ಅನ್ನಲು ಕೆಂಪು ಎಂದು ಬಣ್ಣವನ್ನೇ ನಂಬಿದರೆ ಆ ಎರಡು ಬಣ್ಣ ಬೇರೆಯಾಗಿ ಕಾಣದವರಿಗೆ ಏನೂ ತಿಳಿಯುವುದಿಲ್ಲ. ಪದವೂ ಗುರುತೂ ಜೊತೆಗಿರಲಿ. ಫೋನಿನಲ್ಲಿ ಅಕ್ಷರದ ಗಾತ್ರ 200% ಮಾಡಿ ನೋಡದೆ ಬಿಡುಗಡೆ ಮಾಡಬೇಡಿ. ಬಟನ್ನಿನ ಎತ್ತರ ಗಟ್ಟಿಯಾಗಿ ನಿಗದಿಯಾಗಿದ್ದರೆ ಕನ್ನಡದ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. "ತಪ್ಪಾಗಿ ಒತ್ತಿದೆ" ಅನ್ನುವುದು "ತಪಾಗಿ ಒತಿದೆ" ಆಗಿತ್ತು.

ಇನ್ನು ಅಲಾರಂ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು. ಹೊತ್ತಿಗೆ ಸರಿಯಾಗಿ ಹೊಡೆಯುವ ಅಲಾರಂ ಅನುಮತಿ 14ರಲ್ಲಿ ಹೊಸದಾಗಿ ಹಾಕಿಕೊಂಡ ಬಹುತೇಕ ಆ್ಯಪ್‌ಗಳಿಗೆ ತಾನಾಗಿ ಸಿಗುವುದಿಲ್ಲ. ಆ್ಯಪ್ ತೆರೆದ ಕೂಡಲೇ ಕೇಳಿದರೆ ಬೇಡ ಅನ್ನುವವರೇ ಜಾಸ್ತಿ. ಮೊದಲ ಮಾತ್ರೆಯ ಹೊತ್ತು ತುಂಬಿದ ಮೇಲೆ ಕೇಳಿದರೆ ಯಾಕೆಂದು ಅವರಿಗೇ ಅರ್ಥವಾಗಿರುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಹಳೆಯ ಅಲಾರಂಗಳು ಅಳಿಸಿಹೋಗಿರುತ್ತವೆ, ಮತ್ತೆ ಹಾಕುವ ಕೋಡ್ ನಾವೇ ಬರೆಯಬೇಕು. ಐಫೋನಿನಲ್ಲಿ ಒಂದು ಆ್ಯಪ್ ಕಾಯ್ದಿರಿಸಬಹುದಾದ ನೋಟಿಫಿಕೇಶನ್ 64 ಮಾತ್ರ. ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೆ ಎರಡು ಸಲ ಎಂದು ಪ್ರತಿ ದಿನದ್ದನ್ನೂ ಬಿಡಿಬಿಡಿಯಾಗಿ ಇಟ್ಟರೆ ಎಂಟು ದಿನಕ್ಕೆ ಖರ್ಚಾಗುತ್ತದೆ. ಅಷ್ಟು ದಿನ ಆ್ಯಪ್ ತೆರೆಯದಿದ್ದವರಿಗೆ ಒಂಬತ್ತನೇ ದಿನ ಮೌನ.

ದಿನ ಯಾವಾಗ ಬದಲಾಗುತ್ತದೆ ಅನ್ನುವುದೂ ಸುಲಭದ ಮಾತಲ್ಲ. ರಾತ್ರಿ 12:20ಕ್ಕೆ ನುಂಗಿದ ಮಾತ್ರೆ ಜನರ ಲೆಕ್ಕದಲ್ಲಿ "ಇವತ್ತಿನದು", ಫೋನಿನ ಲೆಕ್ಕದಲ್ಲಿ ನಾಳೆಯದು. ಆ್ಯಪ್‌ನ ದಿನವನ್ನು ಬೆಳಗಿನ ಜಾವ 4ಕ್ಕೆ ಬದಲಿಸಿದ ಮೇಲೆ ದೂರು ನಿಂತಿತು.

ಅತ್ಯಂತ ಅಪಾಯದ ತಪ್ಪು ಒಂದು ಪದದಲ್ಲಿತ್ತು. ಒತ್ತಲು ಮರೆತವರಿಗೆ ಮುಖಪುಟ "ಮಾತ್ರೆ ತಪ್ಪಿದೆ" ಎನ್ನುತ್ತಿತ್ತು. ಅದನ್ನು ನಂಬಿ, ಆಗಲೇ ನುಂಗಿದ್ದವರು ಇನ್ನೊಂದು ನುಂಗಬಹುದಿತ್ತು. ಈಗ "ದಾಖಲಾಗಿಲ್ಲ. ಸ್ಟ್ರಿಪ್ ನೋಡಿ" ಎಂದು ಬರುತ್ತದೆ, ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿರಬೇಕು ಎಂಬ ಸಂಖ್ಯೆಯೂ ಜೊತೆಗಿದೆ. ನಿಜಕ್ಕೂ ತಪ್ಪಿದ್ದರೆ ಏನು ಮಾಡಬೇಕೆಂದು ಆ್ಯಪ್ ಹೇಳುವುದಿಲ್ಲ, ಅದು ಒಂದೊಂದು ಔಷಧಿಗೆ ಒಂದೊಂದು ಥರ. ವೈದ್ಯರನ್ನು ಕೇಳಿ ಎನ್ನುತ್ತದೆ. ಸಿರಪ್‌ಗೂ ಕಣ್ಣಿನ ಹನಿಗೂ ಈ ಎಣಿಕೆ ನಡೆಯುವುದಿಲ್ಲ. ಸದ್ಯಕ್ಕೆ ಅವುಗಳ ಮುಂದೆ "ದಾಖಲಾಗಿಲ್ಲ" ಅಂತಷ್ಟೇ ಇದೆ.