ಬೇಲಿ ಕಂಬಕ್ಕೆ ಸಿಮೆಂಟ್ ತರುವ ಮೊದಲು ನಾಲ್ಕು ಗುಂಡಿ ತೋಡಿ

ಬೇಲಿ ಹಾಕಿಸುವವರು ಜಾಗದ ಸುತ್ತಳತೆ ಹಿಡಿದು, 10 ಅಡಿಗೊಂದು ಕಂಬವೆಂದು ಅದನ್ನು 10ರಿಂದ ಭಾಗಿಸಿ, ಇಷ್ಟು ಕಂಬ ಎಂದು ಬರೆದುಕೊಂಡು ಹೊರಟುಬಿಡುತ್ತಾರೆ. ಆ ಲೆಕ್ಕ ಜಾಗಕ್ಕೆ ಬಂದರೆ ತಾಳೆಯಾಗುವುದಿಲ್ಲ. ನಾನು ಒಂದೊಂದು ಬದಿಯನ್ನೂ ಬೇರೆಬೇರೆಯಾಗಿ ಅಳೆಯುತ್ತೇನೆ.

94 ಅಡಿ ಅಗಲ, 106 ಅಡಿ ಉದ್ದದ ಜಾಗ ಅಂದುಕೊಳ್ಳಿ. ಸುತ್ತಳತೆ 400 ಅಡಿ, ಹಾಗಾಗಿ 40 ಕಂಬ ಅನ್ನಿಸುತ್ತದೆ ಅಲ್ವಾ? ಆದರೆ 94 ಅಡಿಯ ಬದಿಯಲ್ಲಿ 10 ಅಡಿಗೊಂದು ಗುರುತು ಹಾಕುತ್ತ ಹೋದರೆ ಕೊನೆಗೆ 4 ಅಡಿಯ ತುಂಡು ಉಳಿಯುತ್ತದೆ. ಅದರ ಬದಲು ಆ ಬದಿಯನ್ನು 10 ಸಮಭಾಗ ಮಾಡಿ. ಸುಮಾರು 9 ಅಡಿ 5 ಇಂಚಿಗೊಂದು ಕಂಬ ಬರುತ್ತದೆ. 106 ಅಡಿಯ ಬದಿಗೆ 11 ಭಾಗ. ನಾಲ್ಕೂ ಬದಿ ಸೇರಿ 42 ಭಾಗ, 42 ಕಂಬ. ಬೇಲಿ ಸುತ್ತಲೂ ಬರದೆ ಒಂದೇ ಸಾಲಾಗಿದ್ದರೆ ಭಾಗಕ್ಕಿಂತ ಒಂದು ಕಂಬ ಹೆಚ್ಚು ಬೇಕು. ಗೇಟ್ ಬರುವ ಬದಿಯಲ್ಲಿ ಮೊದಲು ಗೇಟಿನ ಎರಡು ಕಂಬ ಗುರುತಿಸಿ, ಉಳಿದ ಜಾಗವನ್ನು ಆಮೇಲೆ ಹಂಚಿ.

ಇದರ ಮೇಲೆ ಆಸರೆ ಕಂಬ, ಅಂದರೆ ನೆಟ್ಟ ಕಂಬ ವಾಲದಂತೆ ಓರೆಯಾಗಿ ಒತ್ತುಕೊಡುವ ಕಂಬ. ತಂತಿಯ ಎಳೆತವೆಲ್ಲ ಮೂಲೆಯ ಮೇಲೆ ಬೀಳುತ್ತದೆ. ಒಂದೊಂದು ಮೂಲೆಗೆ ಎರಡು, ಗೇಟಿನ ಒಂದೊಂದು ಕಂಬಕ್ಕೆ ಒಂದು ಎಂದರೂ 10 ಆಗುತ್ತದೆ. ಇಳಿಸುವಾಗ ಮುರಿಯುವುದಕ್ಕೆಂದು ಎರಡು ಕಂಬ ಜಾಸ್ತಿ ಹೇಳಿ.

ಕಂಬದ ಮೂರನೇ ಒಂದು ಭಾಗ ನೆಲದೊಳಗಿರಬೇಕು. ಬೇಲಿ 4 ಅಡಿ ಎತ್ತರ ಬೇಕಿದ್ದರೆ ಕಂಬ 6 ಅಡಿಯದ್ದಾಗಿರಲಿ. ಮೂಲೆಗೆ, ಗೇಟಿಗೆ 7 ಅಡಿಯದ್ದನ್ನೇ ತನ್ನಿ. ಕಲ್ಲು ಕಂಬವಾದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ ಎಂದು ಸ್ವಚ್ಛವಾಗಿ ಕೇಳಿದರೆ ಸರಿ, ಮಂಕಾಗಿ ಕೇಳಿದರೆ ಅನುಮಾನಿಸಿ. ಅನುಮಾನ ಬಂದ ಕಂಬಕ್ಕೆ ಒಂದು ಚೊಂಬು ನೀರು ಸುರಿದು ಸ್ವಲ್ಪ ಹೊತ್ತು ಬಿಡಿ. ಮೈಯೆಲ್ಲ ಒಣಗಿದ ಮೇಲೂ ಕೂದಲೆಳೆಯಷ್ಟು ಕಪ್ಪು ಗೆರೆ ಒದ್ದೆಯಾಗಿ ಉಳಿದರೆ ಅದು ಬಿರುಕು, ಆ ಕಂಬ ಬೇಡ. ಸಿಮೆಂಟ್ ಕಂಬವಾದರೆ ಕಂಬಿ ಹೊರಗೆ ಕಾಣುತ್ತಿರಬಾರದು. ಅಂಚಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿದರೆ ಸೊಟ್ಟಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಕಾಂಕ್ರೀಟು. ಹೆಚ್ಚಿನ ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ದುಂಡು ಗುಂಡಿಯ ಅಗಲ 1 ಅಡಿ, ಆಳ ಎರಡೂವರೆ ಅಡಿ, ತಳದಲ್ಲಿ ನೀರು ಬಸಿಯಲು 6 ಇಂಚು ಬರೀ ಜಲ್ಲಿ. ಕಾಂಕ್ರೀಟಿಗೆ ಉಳಿಯುವ ಆಳ 2 ಅಡಿ. ಅಗಲವನ್ನು ಅಗಲದಿಂದ ಗುಣಿಸಿ, 0.785ರಿಂದ ಗುಣಿಸಿ, ಆಳದಿಂದ ಗುಣಿಸಿ: 1.57 ಘನ ಅಡಿ. 4 ಇಂಚು ಚೌಕದ ಕಂಬ ತುಂಬುವ ಜಾಗ 0.22. ಅದನ್ನು ಕಳೆದರೆ 1.35 ಘನ ಅಡಿ. 1:2:4 ಮಿಶ್ರಣದಲ್ಲಿ (ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ) 50 ಕೆಜಿಯ ಒಂದು ಚೀಲ ಸಿಮೆಂಟು ಇಂಥ ನಾಲ್ಕು ಗುಂಡಿಗೆ ಬರುತ್ತದೆ.

ಈಗ ಅದೇ ಗುಂಡಿಯನ್ನು ಹಾರೆಯಲ್ಲಿ ತೋಡಿ ನೋಡಿ. ಮಣ್ಣಿನ ಬದಿ ಕುಸಿಯುತ್ತದೆ, ಕಲ್ಲು ಸಿಕ್ಕಿದರೆ ಅದನ್ನು ಕೀಳಬೇಕಾಗುತ್ತದೆ. ಅಗಲ 14 ಇಂಚಾಗುತ್ತದೆ. ಹೆಚ್ಚಾಗಿದ್ದು ಎರಡೇ ಇಂಚು, ಆದರೆ ಕಾಂಕ್ರೀಟು 1.35ರಿಂದ 1.92ಕ್ಕೆ ಏರುತ್ತದೆ. ಒಂದು ಚೀಲ ಮೂರೇ ಗುಂಡಿಗೆ ಮುಗಿಯುತ್ತದೆ. 42 ಗುಂಡಿಗೆ 11 ಚೀಲ ಸಾಕಾಗುವ ಕಡೆ 14 ಬೇಕು. ಅದಕ್ಕೇ ಹೇಳುತ್ತೇನೆ, ಜಾಗದ ಬೇರೆಬೇರೆ ಕಡೆ ನಾಲ್ಕು ಗುಂಡಿ ತೋಡಿಸಿ, ಟೇಪ್ ಹಿಡಿದು ಅಳೆಯಿರಿ. ಆ ಅಳತೆಯ ಮೇಲೆ ಸಿಮೆಂಟ್ ಹೇಳಿ.

ಗುಂಡಿ ಅಚ್ಚುಕಟ್ಟಾಗಿ 1 ಅಡಿಯದ್ದೇ ಬಂದರೆ 11 ಚೀಲದ ಮೇಲೆ ಮೂಲೆ ಮತ್ತು ಆಸರೆ ಕಂಬಗಳಿಗೆ 3 ಸೇರಿಸಿ, 14 ಚೀಲ. ಚೀಲಕ್ಕೆ ಎರಡೂವರೆ ಘನ ಅಡಿ ಮರಳು, 5 ಘನ ಅಡಿ ಜಲ್ಲಿ. ಅಂದರೆ ಮರಳು 35, ಜಲ್ಲಿ ತಳಕ್ಕೆ ಹಾಕುವುದೂ ಸೇರಿ ಸುಮಾರು 90 ಘನ ಅಡಿ. ಜಲ್ಲಿ 20 ಎಂಎಂ ಇರಲಿ. ಮರಳನ್ನು ಅಂಗೈಯಲ್ಲಿ ಉಜ್ಜಿ ಚೆಲ್ಲಿ, ಕೈಗೆ ಕೆಸರು ಮೆತ್ತಿದರೆ ಆ ಮರಳು ಬೇಡ.

ಸಿಮೆಂಟನ್ನು ಎಲ್ಲಕ್ಕಿಂತ ಕೊನೆಗೆ, ಗುಂಡಿಯೆಲ್ಲ ಮುಗಿದ ಮೇಲೆ ತರಿಸಿ. ಚೀಲದ ಮೇಲಿನ ತಯಾರಿಕೆಯ ವಾರ ನೋಡಿ, ಮೂರು ತಿಂಗಳು ದಾಟಿರಬಾರದು. ಗಂಟು ಕಟ್ಟಿದ ಚೀಲ ವಾಪಸ್ ಕಳಿಸಿ. ಒಂದು ರಾತ್ರಿಗೆ ಇಟ್ಟರೂ ಹಲಗೆಯ ಮೇಲಿಡಿ, ಸುಮ್ನೆ ನೆಲದ ಮೇಲೆ ಬೇಡ.

ತಂತಿಗೆ ಗೇಟಿನ 12 ಅಡಿ ಬಿಟ್ಟರೆ 388 ಅಡಿ. ಐದು ಸಾಲಿಗೆ 1940 ಅಡಿ, ಸುಮಾರು 590 ಮೀಟರ್. ಸುತ್ತುವುದಕ್ಕೆ, ಗಂಟಿಗೆ ಸೇರಿಸಿ 650 ಮೀಟರ್ ಹಿಡಿಯಿರಿ. ಮುಳ್ಳುತಂತಿಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಹಾಗಾಗಿ ಕೆಜಿಗೆ ಎಷ್ಟು ಮೀಟರ್ ಬರುತ್ತದೆ ಎಂದು ಕೇಳಿಯೇ ದರ ಹೋಲಿಸಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು, ಕೆಜಿಗೆ ಉದ್ದ ಜಾಸ್ತಿ, ಬಾಳಿಕೆ ಕಡಿಮೆ. ಕಂಬ ನೆಟ್ಟು, ನೀರುಣಿಸಿ, ಒಂದು ವಾರ ಕಳೆಯುವವರೆಗೆ ತಂತಿ ಎಳೆಯಬಾರದು, ಆದ್ದರಿಂದ ಅದನ್ನು ತರಲು ಅವಸರವಿಲ್ಲ.